ಕಾಲಿನ ರಕ್ತಕ್ಕೊಂದು ಸುತ್ತುದಾರಿ

ಮೂಡಿಗೆರೆಯ ಬಸ್ ನಿಲ್ದಾಣದಿಂದ ನನ್ನ ಮನೆಗೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ದೊಡ್ಡ ಏರೇನೂ ಅಲ್ಲ. ಮಲೆನಾಡಿನವರು ಅದನ್ನು ಏರು ಎಂದು ಕರೆಯಲೂ ಸಂಕೋಚಪಟ್ಟಾರು. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗ, ಆ ಏರಿನ ನಡುವೆ ಒಂದು ಸಿಲ್ವರ್ ಓಕ್ ಮರದ ಬಳಿ ಬರುವಷ್ಟರಲ್ಲಿ ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತಿತ್ತು. ಪರಿಚಯದವರು ಎದುರಾದರೆ, ಬೇಲಿಯಾಚೆಯ ಕಾಫಿ ಗಿಡದಲ್ಲಿ ಮೊಗ್ಗು ಬಿರಿದಿದೆಯೇ ಎಂದು ನೋಡುತ್ತಿರುವವನಂತೆ ನಾನು ನಟಿಸುತ್ತಿದ್ದೆ. ಈ ನಟನೆ ನನ್ನೊಬ್ಬನದೇ ಅಲ್ಲವೆಂಬುದು ಬಳಿಕ ತಿಳಿಯಿತು. ಪಾಶ್ಚಾತ್ಯ ನಗರಗಳಲ್ಲಿ ಇಂಥ ರೋಗಿಗಳು ಅಂಗಡಿಯ ಗಾಜಿನ ಮುಂದೆ ನಿಂತು ಒಳಗಿನ ಸಾಮಾನು ನೋಡುವ ಸೋಗು ಹಾಕುತ್ತಾರಾಗಿ, ಈ ರೋಗಕ್ಕೆ ‘ಅಂಗಡಿ ನೋಡುವವರ ಕಾಯಿಲೆ’ ಎಂಬ ಅಡ್ಡಹೆಸರೇ ಇದೆ.

ಇದರ ವೈದ್ಯಕೀಯ ಹೆಸರಿನಲ್ಲಿರುವ ‘ಕ್ಲಾಡಿಕೇಶನ್’ ಎಂಬ ಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಕುಂಟುವುದು ಎಂದರ್ಥ. ಇದನ್ನು ಮೊದಲು ಸರಿಯಾಗಿ ವಿವರಿಸಿದಾತ ಮನುಷ್ಯರ ವೈದ್ಯನೇ ಅಲ್ಲ. 1831ರಲ್ಲಿ ಬೂಲೆ ಎಂಬ ಫ್ರೆಂಚ್ ಪಶುವೈದ್ಯ, ಸ್ವಲ್ಪ ದೂರ ಓಡಿ ಕುಂಟಿ ನಿಂತು, ಸುಧಾರಿಸಿಕೊಂಡು ಮತ್ತೆ ಹೊರಡುತ್ತಿದ್ದ ಒಂದು ಕುದುರೆಯ ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದನ್ನು ಕಂಡ. ಮನುಷ್ಯರಲ್ಲಿಯೂ ಅದೇ ಸಂಗತಿಯೆಂದು ಶಾರ್ಕೊ ಎಂಬ ವೈದ್ಯ ತೋರಿಸಿದ್ದು 1858ರಲ್ಲಿ.

ಕನ್ನಡದ ಮೇಷ್ಟರಿಗೆ ಈ ವಿಷಯದ ಗೊಡವೆಯೇಕೆಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಕಾಲು ನನ್ನದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ನನ್ನ ಕಾಲು ಕೈಬಿಡುವ ಸ್ಥಿತಿಗೆ ಬಂದದ್ದರಲ್ಲಿ ಒಂದು ಕನ್ನಡ ಶಬ್ದದ ಪಾಲೂ ಇತ್ತೆಂಬುದು. ಆ ಶಬ್ದ ‘ನರ’. ನಮ್ಮ ಆಡುಮಾತಿನಲ್ಲಿ ರಕ್ತ ಹರಿಯುವ ನಾಳವೂ ನರ, ಮಿದುಳಿನ ಸಂದೇಶವನ್ನು ಒಯ್ಯುವ ತಂತುವೂ ನರ, ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಕಟ್ಟೂ ನರ. “ಕಾಲಿನ ನರ ಹಿಡಿಯುತ್ತದೆ” ಎಂದು ನಾನು ಹೇಳಿದೆ. ಕೇಳಿದ ವೈದ್ಯರು ಪಾದವನ್ನು ಮುಟ್ಟಿ ನೋಡದೆ ನರದೌರ್ಬಲ್ಯದ ಗುಳಿಗೆ ಬರೆದುಕೊಟ್ಟರು. ಒಂದೂವರೆ ವರ್ಷ ನಾನು ಅದನ್ನು ನುಂಗಿದೆ. ತಪ್ಪು ಅವರದೋ, ನನ್ನ ಭಾಷೆಯದೋ ಎಂದು ಈಗ ತೀರ್ಮಾನಿಸಲಾರೆ.

ಶಾಲೆಯ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಚೊಕ್ಕವಾದ ಪದಗಳಿವೆ. ಹೃದಯದಿಂದ ರಕ್ತವನ್ನು ಹೊರಗೊಯ್ಯುವುದು ಅಪಧಮನಿ. ಹೃದಯದ ಕಡೆಗೆ ಮರಳಿ ತರುವುದು ಅಭಿಧಮನಿ. ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ಉಪಸರ್ಗದಲ್ಲಿಯೇ ಹರಿವಿನ ದಿಕ್ಕನ್ನು ಅಡಗಿಸಿಟ್ಟ ಈ ಜೋಡಿಯನ್ನು ಟಂಕಿಸಿದವರು ಯಾರೋ ಭಾಷೆ ಬಲ್ಲವರೇ ಸರಿ. ಆದರೆ ಎರಡಕ್ಷರದ ವ್ಯತ್ಯಾಸ ಕಿವಿಗೆ ಎಷ್ಟು ಬೀಳುತ್ತದೆ? ಪರೀಕ್ಷೆ ಮುಗಿದ ಮರುದಿನ ಎರಡೂ ಒಂದೇ ಆಗಿ, ಮತ್ತೆ ‘ನರ’ವೇ ಉಳಿಯುತ್ತದೆ.

ಹೃದಯದಿಂದ ಹೊರಟ ಮಹಾಪಧಮನಿ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದೊಂದು ಕವಲು ತೊಡೆಸಂದಿನಲ್ಲಿ ಹಾದು, ತೊಡೆಯುದ್ದಕ್ಕೂ ಇಳಿದು, ಮಂಡಿಯ ಹಿಂಬದಿಗೆ ಸರಿದು, ಅದರ ಕೆಳಗೆ ಮೂರು ಕವಲಾಗಿ ಪಾದವನ್ನು ಸೇರುತ್ತದೆ. ವಯಸ್ಸು, ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು ಇವುಗಳಿಂದ ನಾಳದ ಒಳಗೋಡೆಯಲ್ಲಿ ಜಿಡ್ಡು ಕಟ್ಟುತ್ತದೆ. ತೊಡೆಯ ಕೆಳಭಾಗದಲ್ಲಿ ಅದು ಹೆಚ್ಚು. ವಿಚಿತ್ರವೆಂದರೆ, ನಾಳದ ವ್ಯಾಸ ಸರಿಸುಮಾರು ಅರ್ಧಕ್ಕೆ ಇಳಿಯುವವರೆಗೆ ವಿಶ್ರಾಂತಿಯಲ್ಲಿರುವ ಕಾಲಿಗೆ ಅದರ ಸುಳಿವೇ ಹತ್ತುವುದಿಲ್ಲ. ಕುಳಿತ ಕಾಲಿಗೆ ಬೇಕಾದ ರಕ್ತ ಸ್ವಲ್ಪ. ಏರು ಹತ್ತುವ ಕಾಲಿಗೆ ಅದರ ಹಲವು ಪಟ್ಟು ಬೇಕು. ಅದಕ್ಕಾಗಿಯೇ ಸಿಲ್ವರ್ ಓಕ್ ಮರದ ಬಳಿ ನೋವು, ಮನೆಯ ಆರಾಮ ಕುರ್ಚಿಯಲ್ಲಿ ಸುಖ.

ಮುಖ್ಯ ನಾಳ ಕಟ್ಟಿದ ಮಾತ್ರಕ್ಕೆ ಕಾಲು ಸಾಯುವುದಿಲ್ಲ. ಚಾರ್ಮಾಡಿ ಘಾಟಿ ಬಂದಾದಾಗ ನಾವು ಏನು ಮಾಡುತ್ತೇವೆ? ಸಕಲೇಶಪುರಕ್ಕೆ ಹೋಗಿ ಶಿರಾಡಿಯಲ್ಲಿ ಇಳಿಯುತ್ತೇವೆ, ಇಲ್ಲವೆ ಕಳಸದ ಮೇಲೆ ಕುದುರೆಮುಖದ ದಾರಿ ಹಿಡಿಯುತ್ತೇವೆ. ತಡವಾಗುತ್ತದೆ, ಭಾರದ ಲಾರಿಗಳು ಹೋಗಲಾರವು, ಆದರೂ ಮಂಗಳೂರು ತಲಪುತ್ತೇವೆ. ಕಾಲಿನಲ್ಲಿಯೂ ಹಾಗೆಯೇ ಪಕ್ಕದ ಸಣ್ಣ ನಾಳಗಳು ಹಿಗ್ಗಿ ಒಳದಾರಿಗಳಾಗುತ್ತವೆ. ದಿನವೂ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದೇ ಇದರ ಮೊದಲ ಚಿಕಿತ್ಸೆ. ನಡೆದಾಗ ಮಾತ್ರ ನೋವುಣ್ಣುವ ನೂರು ರೋಗಿಗಳಲ್ಲಿ ಐದು ವರ್ಷಗಳಲ್ಲಿ ಕಾಲು ಕಳೆದುಕೊಳ್ಳುವವರು 1ರಿಂದ 3 ಮಂದಿ ಮಾತ್ರ. ಆದ್ದರಿಂದ ಮೀನಖಂಡ ನೋಯುತ್ತದೆಂದ ಕೂಡಲೇ ಕತ್ತರಿ ಎತ್ತುವ ವೈದ್ಯರನ್ನು ನಾನು ನಂಬಲಾರೆ. ಮಲಗಿದಾಗಲೂ ಪಾದ ಉರಿಯುವುದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರಷ್ಟೇ ಹಿತವೆನ್ನಿಸುವುದು, ಬೆರಳಿನ ಗಾಯ ಮಾಯದೆ ಕಪ್ಪಾಗುವುದು ಇವು ಬೇರೆಯೇ ಘಟ್ಟ. ಅಲ್ಲಿ ಕಾಯುವುದಕ್ಕೆ ಸಮಯವಿಲ್ಲ.

ನನ್ನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಮೂರು ತಿಂಗಳಾದರೂ ಮಾಯಲಿಲ್ಲ. ಕಡೆಗೆ ಒಬ್ಬ ತರುಣ ವೈದ್ಯರು ನನ್ನ ಪಾದಕ್ಕೆ ತಣ್ಣನೆಯ ಲೇಪ ಹಚ್ಚಿ, ಪೆನ್ನಿನಂಥ ಒಂದು ಸಾಧನವನ್ನು ಅದರ ಮೇಲಿಟ್ಟರು. ಬಲಗಾಲಿನಿಂದ ‘ಶೂ… ಶೂ…’ ಎಂದು ಗಾಳಿ ಬೀಸಿದಂಥ ಸದ್ದು ಬಂತು. ಎಡಗಾಲಿನಲ್ಲಿ ಬಹಳ ಹುಡುಕಿದ ಮೇಲೆ ದೂರದ ತೊರೆಯಂತೆ ಒಂದು ಕ್ಷೀಣ ಮರ್ಮರ.

“ಮೇಷ್ಟ್ರೇ, ಇದು ನರದ ಕಾಯಿಲೆ ಅಲ್ಲ. ಇಲ್ಲಿ ನೀರೇ ಬರ್ತಾ ಇಲ್ಲ” ಎಂದರು.

ಆ ಸದ್ದಿನ ಹಿಂದಿನ ತತ್ತ್ವ ಘಾಟಿಯ ಬಸ್ಸಿನಲ್ಲಿ ಕುಳಿತವರಿಗೆಲ್ಲ ಪರಿಚಿತ. ಎದುರಿನಿಂದ ಹಾರ್ನ್ ಒತ್ತುತ್ತ ಬರುವ ವಾಹನದ ಸ್ವರ ಏರಿರುತ್ತದೆ. ನಮ್ಮನ್ನು ದಾಟಿದೊಡನೆ ಇಳಿಯುತ್ತದೆ. 1842ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಈ ವಿಚಾರವನ್ನು ಮಂಡಿಸಿದ್ದು ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತು. ಅದು ಮನುಷ್ಯನ ರಕ್ತಕ್ಕೆ ಇಳಿದುಬಂದದ್ದು ನೂರು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ, 1950ರ ದಶಕದ ಜಪಾನಿನಲ್ಲಿ. ಕಿವಿಗೆ ಕೇಳದಷ್ಟು ಎತ್ತರದ ಶಬ್ದವನ್ನು ಒಳಗೆ ಕಳಿಸಿದರೆ, ಚಲಿಸುತ್ತಿರುವ ರಕ್ತಕಣಗಳಿಗೆ ತಾಗಿ ಮರಳುವ ಶಬ್ದದ ಸ್ವರ ಬದಲಾಗಿರುತ್ತದೆ. ಆ ಬದಲಾವಣೆಯೇ ರಕ್ತದ ವೇಗದ ಅಳತೆ; ಅದನ್ನೇ ಯಂತ್ರ ನಮ್ಮ ಕಿವಿಗೆ ಕೇಳಿಸುತ್ತದೆ.

ಇದರ ಜೊತೆಗೆ ರಕ್ತದೊತ್ತಡದ ಪಟ್ಟಿಯೊಂದಿದ್ದರೆ ಒಂದು ಸರಳ ಭಾಗಾಕಾರ ಸಾಧ್ಯ. ತೋಳಿನ ಒತ್ತಡವನ್ನು ಅಳೆಯುವುದು. ಪಾದದ ಗಿಣ್ಣಿನ ಬಳಿಯ ಒತ್ತಡವನ್ನು ಅಳೆಯುವುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸುವುದು. ಆರೋಗ್ಯವಂತರಲ್ಲಿ ಉತ್ತರ 1ರ ಆಸುಪಾಸು. 0.9ಕ್ಕಿಂತ ಕೆಳಗಿದ್ದರೆ ಕಾಲಿನ ಅಪಧಮನಿಯಲ್ಲಿ ಅಡಚಣೆ, 0.4ರ ಕೆಳಗೆ ಹೋದರೆ ಕಾಲು ಅಪಾಯದಲ್ಲಿದೆಯೆಂದರ್ಥ. ನನ್ನ ತೋಳಿನಲ್ಲಿ 138, ಗಿಣ್ಣಿನಲ್ಲಿ 58, ಭಾಗಿಸಿದರೆ 0.42. ಒಂದೂವರೆ ವರ್ಷದ ಗುಳಿಗೆಗಳಿಗೆ ಬದಲಾಗಿ ಹತ್ತು ನಿಮಿಷದ ಈ ಲೆಕ್ಕ ಸಾಕಿತ್ತು.

ಈ ಲೆಕ್ಕವೂ ಮೋಸ ಮಾಡುವುದುಂಟು. ದೀರ್ಘಕಾಲದ ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆಯೊಳಗೆ ಸುಣ್ಣ ಕಟ್ಟಿ ಅದು ಕಬ್ಬಿಣದ ಪೈಪಿನಂತಾಗುತ್ತದೆ. ಪಟ್ಟಿ ಎಷ್ಟು ಬಿಗಿದರೂ ಕಬ್ಬಿಣ ಮುಚ್ಚಿಕೊಳ್ಳುವುದಿಲ್ಲ, ಅಂಕಿ 1.4ನ್ನೂ ದಾಟಿ, ಒಣಗುತ್ತಿರುವ ಕಾಲು ಬಲು ಪುಷ್ಟವಾಗಿದೆಯೆಂದು ಸುಳ್ಳು ಹೇಳುತ್ತದೆ. ಅಂಥವರಲ್ಲಿ ಹೆಬ್ಬೆರಳಿನ ಒತ್ತಡ ನೋಡಬೇಕು. ಅಲ್ಲಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುವುದು ಕಡಿಮೆ. ಅದು 30ಕ್ಕಿಂತ ಕೆಳಗಿದ್ದರೆ ಗಾಯ ತಾನಾಗಿ ಮಾಯುವ ಆಸೆ ಇಡುವಂತಿಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವನ್ನೂ ಕಳೆದುಕೊಂಡ ಮಂದಿ ನಮ್ಮ ಸೀಮೆಯಲ್ಲಿ ಎಷ್ಟಿಲ್ಲ? ಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯುವುದು ವಾಸನೆ ಬಂದಮೇಲೆ.

ಬೀಡಿಯ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ ಒಂದು ರೋಗ ಹೊಗೆಸೊಪ್ಪು ಸೇದುವ ಎಳೆಯ ವಯಸ್ಸಿನ ಗಂಡಸರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಭಾರತದಲ್ಲಿ ಬೀಡಿ ಸೇದುವ ಬಡವರಲ್ಲಿ ಅದು ಅಪರೂಪವಲ್ಲ. ಅದು ಪಾದದ, ಬೆರಳಿನ ಸಣ್ಣ ನಾಳಗಳನ್ನೇ ಮುಚ್ಚುವುದರಿಂದ ಸುತ್ತುದಾರಿ ಕಟ್ಟಲು ಆಚೆ ದಡವೇ ಇರುವುದಿಲ್ಲ. ಬೀಡಿ ಬಿಟ್ಟವನ ಕಾಲು ಬಹುಮಟ್ಟಿಗೆ ಉಳಿಯುತ್ತದೆ. ಬಿಡದವನದು ಬೆರಳು ಬೆರಳಾಗಿ ಹೋಗುತ್ತದೆ. ನನ್ನದು ಬೀಡಿಯಲ್ಲ, ಸಿಗರೇಟು. ಮೂವತ್ತು ವರ್ಷ, ಎರಡು ತರಗತಿಗಳ ನಡುವೆ ಒಂದರಂತೆ.

ಇನ್ನು ಶಸ್ತ್ರಚಿಕಿತ್ಸೆ. ರಕ್ತನಾಳವನ್ನು ಹೊಲಿಯಬಹುದೆಂಬುದೇ ಒಂದು ಕಾಲಕ್ಕೆ ಅಸಂಭವವೆನ್ನಿಸಿತ್ತು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಲಿಯೋನ್ ನಗರದಲ್ಲಿ ಇರಿತಕ್ಕೊಳಗಾದಾಗ, ಹರಿದ ನಾಳವನ್ನು ಹೊಲಿಯಲಾಗದೆ ವೈದ್ಯರು ಕೈಚೆಲ್ಲಿದರು. ಅದೇ ಊರಿನ ತರುಣ ವೈದ್ಯ ಅಲೆಕ್ಸಿಸ್ ಕ್ಯಾರೆಲ್ ಕಸೂತಿ ಕೆಲಸದ ಹೆಂಗಸೊಬ್ಬಳ ಬಳಿ ಹೋಗಿ, ಅತಿ ಸಣ್ಣ ಸೂಜಿದಾರಗಳ ಹೊಲಿಗೆಯನ್ನು ಕಲಿತ. 1902ರಲ್ಲಿ ಅವನು ಪ್ರಕಟಿಸಿದ ಹೊಲಿಗೆಯ ಕ್ರಮದಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು. 1912ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಕಸೂತಿ ಕಲಿಸಿದಾಕೆಗೆ ಅದರಲ್ಲಿ ಪಾಲು ಸಿಕ್ಕಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

1948ರಲ್ಲಿ ಪ್ಯಾರಿಸ್ಸಿನಲ್ಲಿ ಜೀನ್ ಕುನ್ಲಿನ್ ಎಂಬ ಶಸ್ತ್ರವೈದ್ಯ, ಕಟ್ಟಿದ ಅಪಧಮನಿಯನ್ನು ಅದರ ಪಾಡಿಗೆ ಬಿಟ್ಟು, ರೋಗಿಯದೇ ಕಾಲಿನ ಚರ್ಮದಡಿಯ ಸಫೀನಸ್ ಎಂಬ ಅಭಿಧಮನಿಯನ್ನು ಬಿಡಿಸಿಕೊಂಡು, ಅಡಚಣೆಯ ಮೇಲೊಂದು ಕಡೆ ಕೆಳಗೊಂದು ಕಡೆ ಹೊಲಿದು ಸುತ್ತುದಾರಿ ಮಾಡಿದ. ಇಲ್ಲಿ ಒಂದು ಸೂಕ್ಷ್ಮವಿದೆ. ಅಭಿಧಮನಿಯೊಳಗೆ ರಕ್ತ ಹೃದಯದ ಕಡೆಗೆ ಮಾತ್ರ ಹೋಗುವಂತೆ ಕವಾಟಗಳಿರುತ್ತವೆ. ಆದ್ದರಿಂದ ನಾಳವನ್ನು ತಲೆಕೆಳಗು ಮಾಡಿ ಹೊಲಿಯಬೇಕು, ಇಲ್ಲವೆ ಇದ್ದಲ್ಲಿಯೇ ಇಟ್ಟು ಒಳಗಿನ ಕವಾಟಗಳನ್ನು ಕತ್ತರಿಸಬೇಕು. ಕಾಲಿನಲ್ಲಿ ಬೇರೆ ಅಭಿಧಮನಿಗಳಿರುವುದರಿಂದ ಇದೊಂದು ಹೋದರೆ ದೊಡ್ಡ ನಷ್ಟವಿಲ್ಲ.

ಹೊಲಿಯುವಾಗ ರಕ್ತ ಹೆಪ್ಪುಗಟ್ಟಬಾರದು. ಮಳೆಗಾಲದಲ್ಲಿ ತೋಟಕ್ಕೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಬಳ ಕಚ್ಚಿ ಬಿದ್ದುಹೋದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗುವುದೇಕೆ? ಅದರ ಬಾಯಿಯಲ್ಲಿ ಹೆಪ್ಪನ್ನು ತಡೆಯುವ ದ್ರವವಿದೆಯೆಂದು 1884ರಲ್ಲಿಯೇ ಕಂಡುಕೊಂಡಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಹೆಪಾರಿನ್ ಇಂಬಳದ್ದಲ್ಲ, ಬೇರೆ ಪ್ರಾಣಿಗಳ ಅಂಗಾಂಶದ್ದು. ಕೆಲಸ ಮಾತ್ರ ಅದೇ ಬಗೆಯದು.

ಹೊಲಿಗೆ ಮುಗಿದೊಡನೆ, ಗಾಯ ಮುಚ್ಚುವ ಮೊದಲು, ಹೊಸ ನಾಳದಲ್ಲಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹರಿಯುತ್ತಿದೆಯೆಂದು ಅಳೆಯುವ ಕ್ರಮವೊಂದಿದೆ. ನಾಳದ ಸುತ್ತ ಕೊಕ್ಕೆಯಂಥ ಸಾಧನವನ್ನು ಹಿಡಿದು, ಶಬ್ದವನ್ನು ಹರಿವಿನ ಜೊತೆಗೊಮ್ಮೆ, ಹರಿವಿಗೆ ಎದುರಾಗಿ ಒಮ್ಮೆ ಕಳಿಸುತ್ತಾರೆ. ಹೇಮಾವತಿಯಲ್ಲಿ ತೆಪ್ಪ ನಡೆಸಿದವರಿಗೆ ಗೊತ್ತು: ಕೆಳಮುಖ ಹೋಗುವ ಹೊತ್ತು ಕಡಿಮೆ, ಮೇಲ್ಮುಖ ಬರುವ ಹೊತ್ತು ಹೆಚ್ಚು. ಆ ಎರಡು ಹೊತ್ತುಗಳ ಅಂತರದಿಂದ ಹರಿವು ತಿಳಿಯುತ್ತದೆ. ಅಂಕಿ ತೀರ ಸಣ್ಣದಾಗಿದ್ದರೆ ಎಲ್ಲಿಯೋ ನಾಳ ತಿರುಚಿದೆ, ಹೊಲಿಗೆ ಬಿಗಿದಿದೆ, ಕವಾಟವೊಂದು ಉಳಿದಿದೆ ಎಂದು ಅಲ್ಲಿಯೇ ಸರಿಪಡಿಸಬಹುದು.

ಆದರೆ ಆ ದಿನದ ಅಂಕಿಯಿಂದ ಐದು ವರ್ಷದ ಭವಿಷ್ಯ ಹೇಳಲಾಗದು. ಫೆಬ್ರವರಿಯಲ್ಲಿ ನಾವು ರೋಬಸ್ಟಾ ತೋಟಕ್ಕೆ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಅಲ್ಲಿ ಮೂರು ಸಂಗತಿ ಸರಿಯಿರಬೇಕು: ಕೆರೆಯಿಂದ ನೀರು ಬರಬೇಕು, ಪೈಪು ಒಳ್ಳೆಯದಿರಬೇಕು, ತುದಿಯ ತೂತುಗಳು ತೆರೆದಿರಬೇಕು. ತೂತಿನಲ್ಲಿ ಕೆಸರು ಕಟ್ಟಿದ್ದರೆ ಎಂಥ ಪೈಪಿದ್ದೇನು, ನೀರು ನಿಲ್ಲುತ್ತದೆ. ನಿಂತ ನೀರು ಕೊಳೆತೀತು. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಪೈಪಿನ ಅಗಲವಂತೂ ನಾವೆಣಿಸಿದ್ದಕ್ಕಿಂತ ಬಹಳ ಮುಖ್ಯ. 19ನೆಯ ಶತಮಾನದ ಫ್ರೆಂಚ್ ವೈದ್ಯ ಪ್ವಾಸೆಯ್ ತೋರಿಸಿದಂತೆ, ಸಣ್ಣ ಕೊಳವೆಯ ತ್ರಿಜ್ಯ ಅರ್ಧವಾದರೆ ಅದೇ ಒತ್ತಡದಲ್ಲಿ ಹರಿವು ಅರ್ಧಕ್ಕಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. 3 ಮಿಲಿಮೀಟರಿಗಿಂತ ಸಣ್ಣ ಅಭಿಧಮನಿ ಸಿಕ್ಕಿದರೆ ಶಸ್ತ್ರವೈದ್ಯರ ಮುಖ ಏಕೆ ಬಾಡುತ್ತದೆಂಬುದು ಇದರಿಂದ ತಿಳಿಯುತ್ತದೆ.

ನನ್ನ ಶಸ್ತ್ರಚಿಕಿತ್ಸೆ ನಡೆದದ್ದು 2018ರ ನವೆಂಬರಿನಲ್ಲಿ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಈಗ ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಂಥ ಕಡೆ ರಕ್ತನಾಳಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಮಲೆನಾಡಿನವರಾದ ನಮಗೆ ಘಾಟಿ ಇಳಿಯುವುದೇ ಹತ್ತಿರ. ಮರುವಾರ ನನ್ನ ಅಂಕಿ 0.42ರಿಂದ 0.91ಕ್ಕೆ ಏರಿತ್ತು. “ಇದು ಎಷ್ಟು ವರ್ಷ ಬಾಳುತ್ತದೆ, ಡಾಕ್ಟ್ರೇ?” ಎಂದು ಕೇಳಿದೆ. ಅವರು ನೇರವಾಗಿ ಉತ್ತರಿಸದೆ, ಹೊಸ ನಾಳದ ಆಯುಷ್ಯದಲ್ಲಿ ಮೂರು ಗಂಡಗಳಿವೆ ಎಂದರು. ಮೊದಲ ತಿಂಗಳಲ್ಲಿ ಕೆಟ್ಟರೆ ಅದು ಹೊಲಿಗೆಯ ಅಥವಾ ನಾಳದ ದೋಷ. ಆ ಬಳಿಕ ಎರಡು ವರ್ಷದವರೆಗೆ ಬರುವುದು ಬೇರೆ. ಶಾಂತವಾಗಿ ರಕ್ತ ಒಯ್ಯುತ್ತಿದ್ದ ಅಭಿಧಮನಿಗೆ ಏಕಾಏಕಿ ಅಪಧಮನಿಯ ಒತ್ತಡ ಬಿದ್ದಾಗ ಅದರ ಒಳಪದರ ದಪ್ಪಗಾಗುತ್ತದೆ. ಕೆಲವರಲ್ಲಿ ಆ ದಪ್ಪ ಅತಿಯಾಗಿ ದಾರಿಯನ್ನೇ ಕಿರಿದಾಗಿಸುತ್ತದೆ. ಎರಡು ವರ್ಷದ ಮೇಲಿನದು ಹಳೆಯ ಶತ್ರುವೇ: ಹೊಸ ದಾರಿಯಲ್ಲಿ, ಅದರ ಮೇಲೆ ಕೆಳಗೆ, ಮತ್ತೆ ಜಿಡ್ಡು.

ಅಂಕಿಗಳನ್ನು ಬೇಡಿದ್ದಕ್ಕೆ ಅವರು ಕೊಟ್ಟರು, ನಾನೂ ಆಮೇಲೆ ಓದಿಕೊಂಡೆ. ಉತ್ತರ ಅಮೆರಿಕದಲ್ಲಿ ಕಾಲು ಕಳೆದುಕೊಳ್ಳುವ ಅಂಚಿನಲ್ಲಿದ್ದ 1404 ಮಂದಿಗೆ ಸ್ವಂತ ಅಭಿಧಮನಿಯಿಂದ ಸುತ್ತುದಾರಿ ಮಾಡಿದ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಒಂದು ವರ್ಷದ ಕೊನೆಗೆ ಯಾವ ರಿಪೇರಿಯೂ ಇಲ್ಲದೆ ತೆರೆದಿದ್ದ ನಾಳಗಳು ನೂರಕ್ಕೆ 61. ರಿಪೇರಿ ಮಾಡಿಯಾದರೂ ಉಳಿಸಿಕೊಂಡವನ್ನು ಸೇರಿಸಿದರೆ 80. ಕಾಲು ಉಳಿದವರು 88. ಬದುಕುಳಿದವರು 84. ಈ ಕೊನೆಯ ಅಂಕಿಯ ಮುಂದೆ ನಾನು ಬಹಳ ಹೊತ್ತು ಕುಳಿತೆ. ಕಾಲು ಕಳೆದುಕೊಂಡವರಿಗಿಂತ ಪ್ರಾಣ ಕಳೆದುಕೊಂಡವರು ಹೆಚ್ಚು. ಕಾಲಿನ ನಾಳ ಕಟ್ಟಿದವನ ಹೃದಯದ, ಮಿದುಳಿನ ನಾಳಗಳೂ ನೆಟ್ಟಗಿರುವುದಿಲ್ಲ; ಕಾಲು ಮೊದಲು ದೂರು ಹೇಳಿರುತ್ತದೆ, ಅಷ್ಟೆ.

ಅಭಿಧಮನಿ ಸಿಕ್ಕದವರಿಗೆ ಕೃತಕ ನಾಳ ಹಾಕುತ್ತಾರೆ. ಮಂಡಿಯ ಮೇಲೆ ಅದು ತಕ್ಕಮಟ್ಟಿಗೆ ಬಾಳುತ್ತದೆ. ಮಂಡಿಯ ಕೆಳಗೆ ಸ್ವಂತ ಅಭಿಧಮನಿಗೆ ಸಮನಾದುದಿಲ್ಲ. ಕೊಯ್ಯದೆ, ತೂರುನಳಿಕೆಯಿಂದ ಬಲೂನು ಒಯ್ದು ಹಿಗ್ಗಿಸುವ ಕ್ರಮ ಇನ್ನೊಂದು. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಇನ್ನೂ ಮುಗಿದಿಲ್ಲ. 1830 ರೋಗಿಗಳನ್ನೊಳಗೊಂಡು 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಒಳ್ಳೆಯ ಸಫೀನಸ್ ಇದ್ದವರಲ್ಲಿ ಶಸ್ತ್ರಚಿಕಿತ್ಸೆಯೇ ಗೆದ್ದಿತು: ಕಾಲಿನ ದೊಡ್ಡ ಅನಾಹುತ ಅಥವಾ ಮರಣ ಶಸ್ತ್ರಚಿಕಿತ್ಸೆಯವರಲ್ಲಿ ನೂರಕ್ಕೆ 42.6, ಬಲೂನಿನವರಲ್ಲಿ 57.4. ಮರುವರ್ಷವೇ ಮುಖ್ಯವಾಗಿ ಬ್ರಿಟನ್ನಿನಲ್ಲಿ ನಡೆದ, 345 ರೋಗಿಗಳ ಮತ್ತೊಂದು ಪರೀಕ್ಷೆ ಬಂತು. ಅದು ಮಂಡಿಯ ಕೆಳಗಿನ ನಾಳಗಳಿಗೂ ಚಿಕಿತ್ಸೆ ಬೇಕಾದವರನ್ನು ಕುರಿತದ್ದು. ಅಲ್ಲಿ ಗೆದ್ದದ್ದು ಬಲೂನು. ವಿದ್ವಾಂಸರು ಪಾಠಾಂತರಗಳ ಬಗ್ಗೆ ಜಗಳವಾಡುವುದನ್ನು ಕಂಡು ಬೆಳೆದ ನನಗೆ ಇದರಲ್ಲಿ ಅಚ್ಚರಿಯಿಲ್ಲ. ಎರಡು ಪ್ರತಿಗಳ ಮೂಲವೇ ಬೇರೆಯಾಗಿದ್ದರೆ ಪಾಠವೂ ಬೇರೆಯಾಗುತ್ತದೆ.

ಎರಡನೆಯ ಗಂಡ ನನಗೂ ಬಂತು. 2019ರ ಆಗಸ್ಟಿನಲ್ಲಿ ನನ್ನ ಒಂಬತ್ತನೆಯ ತಿಂಗಳ ತಪಾಸಣೆ ಇತ್ತು. ಅದೇ ತಿಂಗಳು ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಯಿತು. ಕಾಲು ನೋಯುತ್ತಿರಲಿಲ್ಲ; ಏರನ್ನು ನಿಲ್ಲದೆ ಹತ್ತುತ್ತಿದ್ದೆ. ಮಳೆಗಾಲ ಮುಗಿಯಲಿ, ನವರಾತ್ರಿ ಕಳೆದು ಹೋಗೋಣವೆಂದೆ. ನನ್ನ ಹೆಂಡತಿ ಒಪ್ಪಲಿಲ್ಲ. “ನಿಮ್ಮ ಕಾಲು ಹಿಂದೆಯೂ ಸುಳ್ಳು ಹೇಳಿತ್ತು” ಎಂದಳು. ಮಳೆ ತಗ್ಗಿದ ಮೇಲೆ ಸಕಲೇಶಪುರದ ದಾರಿಯಾಗಿ ಇಳಿದೆವು. ಅಂಕಿ 0.91ರಿಂದ 0.74ಕ್ಕೆ ಬಿದ್ದಿತ್ತು. 0.15ಕ್ಕಿಂತ ಹೆಚ್ಚು ಇಳಿದರೆ ಅನುಮಾನಿಸಬೇಕೆಂಬುದು ವೈದ್ಯರ ನಿಯಮ. ಡಾಪ್ಲರಿನಲ್ಲಿ ನೋಡಿದರೆ ಹೊಸ ನಾಳದ ಕೆಳಹೊಲಿಗೆಯ ಬಳಿ ರಕ್ತದ ವೇಗ ಪಕ್ಕದ ಜಾಗಕ್ಕಿಂತ ನಾಲ್ಕು ಪಟ್ಟು. ಕಿರಿದಾದ ಕಡೆ ಹೊಳೆ ಸೆಳೆಯುವುದಿಲ್ಲವೇ, ಹಾಗೆ. ಮೂರೂವರೆ ಪಟ್ಟು ದಾಟಿದರೆ ಅಪಾಯವೆನ್ನುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ನಾಳದುದ್ದಕ್ಕೂ ವೇಗ ಸೆಕೆಂಡಿಗೆ 45 ಸೆಂಟಿಮೀಟರಿಗಿಂತ ಕಡಿಮೆಯಾದರೂ ಅಪಾಯವೇ. ಅದು ನೀರು ನಿಲ್ಲತೊಡಗಿದ ಲಕ್ಷಣ. ಮರುದಿನ ಬಲೂನಿನಿಂದ ಆ ಜಾಗವನ್ನು ಹಿಗ್ಗಿಸಿದರು. ನಾಳ ಪೂರ್ತಿ ಮುಚ್ಚಿದ ಮೇಲೆ ಹೋಗಿದ್ದರೆ ತೆರೆಯುವುದು ಕಷ್ಟವಿತ್ತು.

ನನ್ನ ಈ ಅನುಭವವನ್ನು ಸಾಕ್ಷ್ಯವೆಂದು ಮುಂದಿಡಲು ನನಗೇ ಧೈರ್ಯವಿಲ್ಲ. 594 ರೋಗಿಗಳ ಬ್ರಿಟಿಷ್ ಪರೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಯನ್ನು ಡಾಪ್ಲರಿನಿಂದ, ಉಳಿದರ್ಧವನ್ನು ಕೇವಲ ಕೈಯಿಂದ ನೋಡಿ, ಮಾತಾಡಿಸಿ ತಪಾಸಿಸಿದರು. ಹದಿನೆಂಟು ತಿಂಗಳ ಬಳಿಕ ಕಾಲು ಕಳೆದುಕೊಂಡವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಖರ್ಚು ಮಾತ್ರ ಡಾಪ್ಲರಿನವರದು ಹೆಚ್ಚು. ಆದರೂ ಹಲವು ಶಸ್ತ್ರವೈದ್ಯರು ಅಳೆಯುವುದನ್ನು ಬಿಟ್ಟಿಲ್ಲ. ಸಿಗರೇಟಿನ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಕಾಣಲಿಲ್ಲ: ಶಸ್ತ್ರಚಿಕಿತ್ಸೆಯ ಬಳಿಕವೂ ಸೇದುವವರಲ್ಲಿ ಹೊಸ ನಾಳ ಕಟ್ಟುವ ಸಂಭವ ಸುಮಾರು ಮೂರು ಪಟ್ಟು.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದವರು ನಮ್ಮ ಸೀಮೆಯದೇ ತೋಟವೊಂದರ ಕೆಲಸಗಾರರು. ನನಗಿಂತ ಹತ್ತು ವರ್ಷ ಚಿಕ್ಕವರು, ಸಕ್ಕರೆ ಕಾಯಿಲೆಯವರು. ಅವರೂ ಊರಿನಲ್ಲಿ ನರದ ಔಷಧಿಯನ್ನೇ ತೆಗೆದುಕೊಂಡಿದ್ದರು, ನನಗಿಂತ ಆರು ತಿಂಗಳು ಹೆಚ್ಚಾಗಿ. ಡಾಪ್ಲರ್ ಇಟ್ಟಾಗ ಪಾದದಲ್ಲಿ ಯಾವ ಸದ್ದೂ ಬರಲಿಲ್ಲ. ಹೊಲಿಯಲು ಕೆಳಗೆ ನಾಳವಿರಲಿಲ್ಲ. ಮಂಡಿಯ ಕೆಳಗೆ ಕಾಲು ತೆಗೆದರು. ಸುಗ್ಗಿಯ ಕಾಲ ಹತ್ತಿರವಾಗಿತ್ತು. ಈ ಸಾರಿ ಹಣ್ಣು ಕೊಯ್ಯುವವರಿಗೆ ಕೆ.ಜಿ.ಗೆ ಎಷ್ಟು ಕೊಡುತ್ತಿದ್ದಾರೆಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ.

ನನ್ನ ಹೊಸ ನಾಳಕ್ಕೆ ಏಳು ವರ್ಷ ತುಂಬಿದೆ. ಕಳೆದ ಸಲದ ಅಂಕಿ 0.86.